ಹಳೆ ದಕ್ಕೆಯ ಜಮಾ-ಖರ್ಚು

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಕಳೆದ ತಿಂಗಳು ನಮ್ಮ ಅರ್ಥಶಾಸ್ತ್ರ ತರಗತಿಯಲ್ಲಿ 'ಬಾಹ್ಯತೆಗಳು' ಎಂಬ ವಿಷಯ ಬಂತು. ಒಬ್ಬರು ಮಾಡುವ ವ್ಯವಹಾರದಿಂದ ಅದರಲ್ಲಿ ಪಾಲಿಲ್ಲದ ಇನ್ನೊಬ್ಬರಿಗೆ ಲಾಭವೋ ನಷ್ಟವೋ ಆಗುತ್ತದೆ. ಲಾಭವಾದರೆ ಅವರು ಅದಕ್ಕೆ ಹಣ ಕೊಡುವುದಿಲ್ಲ. ನಷ್ಟವಾದರೆ ಅವರಿಗೆ ಪರಿಹಾರವೂ ಸಿಗುವುದಿಲ್ಲ. ಪಠ್ಯಪುಸ್ತಕದ ಉದಾಹರಣೆ ನಿಮಗೂ ನೆನಪಿರಬಹುದು: ಒಂದು ತೈಲ ಸಂಸ್ಕರಣಾಗಾರ, ಪಕ್ಕದಲ್ಲಿ ನದಿ, ನದಿಯಲ್ಲಿ ಮೀನು, ಮೀನು ನಂಬಿ ಬದುಕುವವರು. ಸರ್ ಪಾಠ ಮುಗಿಸಿ, "ಪುಸ್ತಕದ ಉದಾಹರಣೆ ಎಲ್ಲರೂ ಬರೆಯುತ್ತಾರೆ. ನಿಮ್ಮ ಊರಿನದೊಂದು ಬರೆದು ತನ್ನಿ" ಎಂದರು.

ನಾನು ಮನೆಗೆ ಬಂದು ದಾದಾ ಅವರನ್ನು ಕೇಳಿದೆ. ದಾದಾ ಮೂವತ್ತು ವರ್ಷ ಮಂಗಳೂರು ಹಳೆ ಬಂದರಿನ ದಕ್ಕೆಯಲ್ಲಿ ಸರಕಿನ ಲೆಕ್ಕ ಬರೆದವರು. ಅವರ ಹುದ್ದೆಗೆ ಟ್ಯಾಲಿ ಕ್ಲಾರ್ಕ್ ಎಂದು ಹೆಸರು. ವಾಣಿಜ್ಯ ವಿಭಾಗದ ನಮಗೆ ಟ್ಯಾಲಿ ಎಂದರೆ ಕಂಪ್ಯೂಟರಿನ ಸಾಫ್ಟ್‌ವೇರ್. ದಾದಾರ ಟ್ಯಾಲಿ ಎಂದರೆ ನಾಲ್ಕು ಗೆರೆ ನೇರ, ಐದನೆಯದು ಅಡ್ಡ. ಹಮಾಲರು ಒಂದೊಂದು ಚೀಲ ಹೊತ್ತು ಹಲಗೆ ದಾಟಿದಾಗ ಒಂದೊಂದು ಗೆರೆ. ಆ ಪುಸ್ತಕಗಳಲ್ಲಿ ಒಂದು ಈಗಲೂ ನಮ್ಮ ಮನೆಯ ಕಪಾಟಿನಲ್ಲಿದೆ. ಸರಕಿನ ಹೆಸರು ಕನ್ನಡದಲ್ಲಿ, ಪಕ್ಕದ ಟಿಪ್ಪಣಿ ಉರ್ದುವಿನಲ್ಲಿ.

"ಉದಾಹರಣೆ ಬೇಕಿದ್ದರೆ ದಕ್ಕೆಗೆ ನಡೆ ಬೇಟಾ" ಎಂದರು ದಾದಾ. ಶುಕ್ರವಾರ ಜುಮಾ ನಮಾಜು ಮುಗಿಸಿ ಇಬ್ಬರೂ ಹೋದೆವು. ಅಲ್ಲಿ ನೋಡಿದ್ದು, ದಾದಾ ಹೇಳಿದ್ದು, ಆಮೇಲೆ ಓದಿ ತಿಳಿದದ್ದು ಎಲ್ಲ ಸೇರಿಸಿ ಈ ಲೇಖನ ಬರೆದಿದ್ದೇನೆ.

ನದಿ ಕೊಟ್ಟ ಬಂದರು

ಭೂಪಟದಲ್ಲಿ ಮಂಗಳೂರು ಕಡಲ ತೀರದ ಊರು. ಆದರೆ ಹಳೆ ಬಂದರು ಇರುವುದು ಕಡಲಿಗೆ ಮುಖ ಮಾಡಿ ಅಲ್ಲ, ನದಿಯ ದಂಡೆಯಲ್ಲಿ. ಘಟ್ಟದಿಂದ ಇಳಿದು ಬರುವ ಗುರುಪುರ ನದಿ (ಫಲ್ಗುಣಿ ಎಂದೂ ಕರೆಯುತ್ತಾರೆ) ಕಡಲ ಹತ್ತಿರ ಬಂದರೂ ನೇರವಾಗಿ ಕಡಲು ಸೇರುವುದಿಲ್ಲ. ದಕ್ಷಿಣಕ್ಕೆ ತಿರುಗಿ, ತೀರಕ್ಕೆ ಸಮಾನಾಂತರವಾಗಿ ಹರಿದು, ದಕ್ಷಿಣದಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಎರಡೂ ನದಿಗಳಿಗೆ ಕಡಲು ಸೇರಲು ಒಂದೇ ಬಾಯಿ. ಅದನ್ನೇ ನಮ್ಮಲ್ಲಿ ಅಳಿವೆ ಬಾಗಿಲು ಎನ್ನುತ್ತಾರೆ. ನದಿಗೂ ಕಡಲಿಗೂ ನಡುವೆ ಉದ್ದಕ್ಕೆ ಮಲಗಿರುವ ಮರಳಿನ ಪಟ್ಟಿಯೇ ಬೆಂಗ್ರೆ. ದಕ್ಕೆಯಲ್ಲಿ ನಿಂತರೆ ಎದುರು ದಡದಲ್ಲಿ ಬೆಂಗ್ರೆಯ ತೆಂಗಿನ ಮರಗಳು, ಅದರಾಚೆ ಅರಬ್ಬಿ ಸಮುದ್ರ.

ಈ ಮರಳಿನ ಪಟ್ಟಿ ಗೋಡೆಯಂತೆ ನಿಂತು ಅಲೆಗಳನ್ನು ತಡೆಯುತ್ತದೆ. ಹಾಗಾಗಿ ನದಿಯೊಳಗೆ ಬಂದ ಹಡಗಿಗೆ ಗಾಳಿ-ಅಲೆಗಳ ಭಯ ಕಡಿಮೆ. ನದಿಯ ಮೇಲ್ಭಾಗದಿಂದ ದೋಣಿಯಲ್ಲಿ ಸರಕು ತರಲೂ ಸುಲಭ. ಇದು ನದಿ ಕೊಟ್ಟ ವರ. ಆದರೆ ಅದೇ ನದಿ ಮಳೆಗಾಲದಲ್ಲಿ ಮಣ್ಣು-ಮರಳನ್ನೂ ಹೊತ್ತು ತರುತ್ತದೆ. ಕಡಲು ತನ್ನ ಮರಳನ್ನು ಅಳಿವೆಗೆ ತಳ್ಳುತ್ತದೆ. ಎರಡೂ ಸೇರಿ ಅಳಿವೆ ಬಾಗಿಲಲ್ಲಿ ಮರಳಿನ ದಿಬ್ಬ ಏಳುತ್ತದೆ.

ಇಲ್ಲಿ ಒಂದು ಪದ ತಿಳಿದಿರಬೇಕು: ಡ್ರಾಫ್ಟ್. ಹಡಗಿನ ಎಷ್ಟು ಭಾಗ ನೀರಿನೊಳಗೆ ಮುಳುಗಿರುತ್ತದೋ ಆ ಅಳತೆಯೇ ಡ್ರಾಫ್ಟ್. ಹಡಗು ದೊಡ್ಡದಾದಷ್ಟೂ, ಸರಕು ಹೆಚ್ಚಾದಷ್ಟೂ ಡ್ರಾಫ್ಟ್ ಹೆಚ್ಚು. ಹಾಯಿ ಹಡಗುಗಳಿಗೆ ಈ ನದಿಯ ಆಳ ಸಾಕಾಗಿತ್ತು. ಉಗಿ ಹಡಗುಗಳು ಬಂದ ಮೇಲೆ ಸಾಕಾಗಲಿಲ್ಲ. ಅವು ಹೊರಗೆ ಕಡಲಲ್ಲೇ ಲಂಗರು ಹಾಕಿ ನಿಲ್ಲುತ್ತಿದ್ದವು. ದಕ್ಕೆಯಿಂದ ಸರಕು ತುಂಬಿದ ದೋಣಿಗಳು ಅಳಿವೆ ದಾಟಿ ಹಡಗಿನ ಬಳಿ ಹೋಗಬೇಕಿತ್ತು. ಈ ದೋಣಿಗಳಿಗೆ ಲೈಟರ್ ಎಂದು ಹೆಸರು. ಮಳೆಗಾಲ ಶುರುವಾದರೆ ಅದೂ ನಿಂತಿತು. ಬಂದರು ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು.

"ಹಡಗು ನೋಡಲು ಕಣ್ಣು ಸಾಕಿತ್ತು, ಮುಟ್ಟಲು ದೋಣಿ ಬೇಕಿತ್ತು" ಎಂದು ದಾದಾ ನಕ್ಕರು. ಒಂದೇ ಚೀಲವನ್ನು ಎರಡು ಸಲ ಹೊರಬೇಕು, ಎರಡು ಸಲ ಎಣಿಸಬೇಕು. ಕೂಲಿಯವರಿಗೆ ಅದು ಕೆಲಸ. ವ್ಯಾಪಾರಿಗೆ ಅದು ಖರ್ಚು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ದಕ್ಕೆಗೆ ಬಂದವರು

ಮಂಗಳೂರಿನ ವ್ಯಾಪಾರಿಗಳ ಬಗ್ಗೆ ನಮಗೆ ಸಿಗುವ ಬಹಳ ಹಳೆಯ ಕಾಗದಪತ್ರಗಳು ಸಿಕ್ಕಿದ್ದು ಈಜಿಪ್ಟಿನ ಕೈರೋದಲ್ಲಿ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಈಗಿನ ಟ್ಯುನೀಷಿಯಾ ದೇಶದವನು. ಅವನು 1132ರ ಸುಮಾರಿಗೆ ಮಂಗಳೂರಿಗೆ ಬಂದು 1149ರವರೆಗೆ ಇಲ್ಲೇ ನೆಲೆಸಿದ್ದ. ಇಲ್ಲಿ ಹಿತ್ತಾಳೆ-ಕಂಚಿನ ಸಾಮಾನು ಮಾಡಿಸುವ ಕಾರ್ಖಾನೆ ನಡೆಸಿದ, ಮೆಣಸು ಮೊದಲಾದ ಸರಕನ್ನು ಏಡನ್‌ಗೆ ಕಳುಹಿಸಿದ. ಅವನ ಪರವಾಗಿ ಏಡನ್‌ಗೆ ಹೋಗಿ ಬರುತ್ತಿದ್ದವನು ಬೊಮ್ಮ ಎಂಬ ಇಲ್ಲಿಯ ಆಳು. ಬೆನ್ ಯಿಜು ಮತ್ತು ಅವನ ಪಾಲುದಾರರ ಪತ್ರಗಳು ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರದ ಕೋಣೆಯಲ್ಲಿ ಶತಮಾನಗಳ ಕಾಲ ಉಳಿದುಕೊಂಡವು. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಪುಸ್ತಕ ಈ ಕಥೆಯನ್ನೇ ಹಿಡಿದು ಹೊರಟಿದೆ.

ಇನ್ನೂರು ವರ್ಷಗಳ ನಂತರ, 1342ರ ಸುಮಾರಿಗೆ, ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತಾ ಇಲ್ಲಿಗೆ ಬಂದ. ಪರ್ಷಿಯಾ ಮತ್ತು ಯೆಮೆನ್ ದೇಶಗಳ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ, ಮೆಣಸು ಮತ್ತು ಶುಂಠಿ ಇಲ್ಲಿ ಧಾರಾಳ, ಸುಮಾರು 4000 ಮುಸ್ಲಿಮರು ಇಲ್ಲಿದ್ದಾರೆ ಎಂದು ಅವನು ದಾಖಲಿಸಿದ್ದಾನೆ. ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕಂಬಗಳನ್ನು ನೋಡಿದವರಿಗೆ ಈ ನಂಟು ಎಷ್ಟು ಹಳೆಯದೆಂದು ಬೇರೆ ಹೇಳಬೇಕಿಲ್ಲ.

ಆಮೇಲೆ ಪೋರ್ಚುಗೀಸರು ಬಂದರು. 1763ರಲ್ಲಿ ಮಂಗಳೂರು ಹೈದರ್ ಅಲಿಯ ಕೈಗೆ ಬಂತು. ಅವನು ಇಲ್ಲಿ ಹಡಗು ಕಟ್ಟಿಸಿದ. ಟಿಪ್ಪು ಸುಲ್ತಾನ್ ಮತ್ತು ಇಂಗ್ಲಿಷರ ನಡುವೆ 1784ರ ಮಾರ್ಚ್ 11ರಂದು ಆದ ಒಪ್ಪಂದಕ್ಕೆ ಮಂಗಳೂರು ಒಪ್ಪಂದ ಎಂದೇ ಹೆಸರು. ಅದೇ ವರ್ಷ ಬೋಳೂರಿನಲ್ಲಿ ಗುರುಪುರ ನದಿಯ ದಂಡೆಗೆ ಕಪ್ಪು ಕಲ್ಲಿನ ಕಾವಲು ಗೋಪುರ ಎದ್ದಿತು. ಸುಲ್ತಾನ್ ಬತ್ತೇರಿಗೆ ನಾವೆಲ್ಲ ಫೋಟೊ ತೆಗೆಯಲು ಹೋಗುತ್ತೇವೆ. ಅದನ್ನು ಕಟ್ಟಿದ್ದು ಶತ್ರುಗಳ ಯುದ್ಧನೌಕೆ ನದಿಯೊಳಗೆ ನುಗ್ಗದಂತೆ ಕಾಯಲು. ಊರಿನ ಸಂಪತ್ತೆಲ್ಲ ನದಿಯ ಬಾಗಿಲಿನಿಂದಲೇ ಬರುತ್ತಿತ್ತು, ಹೋಗುತ್ತಿತ್ತು. ಹಾಗಾಗಿ ಕಾವಲೂ ಅಲ್ಲೇ.

1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹಂಚಿಗೆ ಬೇಕಾದ ಜೇಡಿಮಣ್ಣು ನದಿ ಬಯಲಿನದು. ಸುಡುವ ಸೌದೆ ಘಟ್ಟದ ಕಡೆಯದು. ಸಾಗಿಸಲು ನದಿ. ಮೂರೂ ಒಂದೇ ಕಡೆ ಸಿಕ್ಕಿದ್ದರಿಂದ ಮಂಗಳೂರು ಹಂಚು ಕಡಲಾಚೆಗೂ ಹೋಯಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ಘಟ್ಟ ಇಳಿದು ಬಂದು ಇಲ್ಲಿಂದಲೇ ಹಡಗು ಹತ್ತಿತು. 1907ರಲ್ಲಿ ರೈಲು ಬರುವವರೆಗೆ ದೂರದ ಊರಿಗೆ ದಕ್ಕೆಯೇ ದಾರಿ.

ವಾಣಿಜ್ಯ ವಿದ್ಯಾರ್ಥಿಯಾಗಿ ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು ಸಂಗತಿ. ಬಂದರು, ಲಂಗರು, ರವಾನೆ, ರಸೀದಿ ಇವು ಪರ್ಷಿಯನ್ ಮೂಲದ ಪದಗಳು. ಹಮಾಲಿ, ದಲಾಲಿ, ನಗದು, ಬಾಕಿ, ಜಮಾ, ಖರ್ಚು ಇವು ಅರಬ್ಬಿ ಮೂಲದವು. ಕೆಲವು ಅರಮನೆ-ಕಚೇರಿಗಳ ಮೂಲಕ ಬಂದವು, ಕೆಲವು ಹಡಗು-ದಕ್ಕೆಗಳ ಮೂಲಕ. ಮನೆಯಲ್ಲಿ ಅಮ್ಮಿ ಉರ್ದುವಿನಲ್ಲಿ ಹೇಳುವ 'ಖರ್ಚ್' ಮತ್ತು ನಾನು ಪರೀಕ್ಷೆಯಲ್ಲಿ ಕನ್ನಡದಲ್ಲಿ ಬರೆಯುವ 'ಖರ್ಚು' ಒಂದೇ ಎಂದು ತಿಳಿದ ದಿನ ಲೆಕ್ಕಶಾಸ್ತ್ರ ಸ್ವಲ್ಪ ಹತ್ತಿರವಾಯಿತು.

1956: ಒಂದೇ ವರ್ಷ, ಮೂರು ಬದಲಾವಣೆ

1956ರ ಏಪ್ರಿಲ್ 26ರಂದು ಅಮೆರಿಕದ ನೆವಾರ್ಕ್ ಬಂದರಿನಿಂದ 'ಐಡಿಯಲ್ ಎಕ್ಸ್' ಎಂಬ ಹಡಗು ಹೂಸ್ಟನ್‌ಗೆ ಹೊರಟಿತು. ಅದರ ಮೇಲೆ 58 ಲೋಹದ ಪೆಟ್ಟಿಗೆಗಳಿದ್ದವು. ಲಾರಿ ವ್ಯವಹಾರ ಮಾಡುತ್ತಿದ್ದ ಮಾಲ್ಕಂ ಮೆಕ್‌ಲೀನ್ ಎಂಬವರ ಯೋಚನೆ ಅದು: ಚೀಲಗಳನ್ನು ಒಂದೊಂದಾಗಿ ಹೊರುವ ಬದಲು ಪೆಟ್ಟಿಗೆಯನ್ನೇ ಎತ್ತಿ ಇಡುವುದು. ಇಂದಿನ ಕಂಟೇನರ್ ಸಾಗಣೆ ಬೆಳೆದದ್ದು ಅಲ್ಲಿಂದ.

ಅದೇ ವರ್ಷ ನವೆಂಬರ್ 1ರಂದು, ಅದುವರೆಗೆ ಮದ್ರಾಸ್ ರಾಜ್ಯದಲ್ಲಿದ್ದ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡ ರಾಜ್ಯಕ್ಕೆ ದೊಡ್ಡ ಬಂದರು ಬೇಕೆಂಬ ಆಸೆಗೆ ಬಲ ಬಂತು.

ಅದೇ ದಿನ ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶವಾಯಿತು. ಇದಕ್ಕೂ ನಮಗೂ ಏನು ಸಂಬಂಧ? ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ಉತ್ತರದ ದ್ವೀಪಗಳು 1787ರಲ್ಲಿ ಟಿಪ್ಪುವಿನ ಆಡಳಿತಕ್ಕೆ ಬಂದಿದ್ದವು. 1799ರ ನಂತರ ಇಂಗ್ಲಿಷರ ಕೈಗೆ ಹೋದರೂ ಅವುಗಳ ಆಡಳಿತ ನಡೆದದ್ದು ಮಂಗಳೂರಿನಿಂದ. ದ್ವೀಪದವರು ತೆಂಗಿನ ನಾರು ತಂದು ಇಲ್ಲಿ ಒಪ್ಪಿಸುತ್ತಿದ್ದರು, ಅಕ್ಕಿ ಒಯ್ಯುತ್ತಿದ್ದರು. ಕಾಗದದಲ್ಲಿ ಆ ನಂಟು 1956ಕ್ಕೆ ಮುಗಿಯಿತು. ದಕ್ಕೆಯಲ್ಲಿ ಇಂದಿಗೂ ಮುಗಿದಿಲ್ಲ.

ಪಣಂಬೂರಿನ ಹೊಸ ಬಂದರು

ಹಳೆ ದಕ್ಕೆಯಿಂದ ಸುಮಾರು 10 ಕಿಲೋಮೀಟರ್ ಉತ್ತರಕ್ಕೆ ಪಣಂಬೂರು. ಅಲ್ಲಿ ನದಿಯನ್ನು ನಂಬದೆ, ನೆಲವನ್ನೇ ಅಗೆದು ಕೃತಕ ಕೊಳದಂತೆ ಬಂದರು ಮಾಡಿದರು. ಬಾಗಿಲಲ್ಲಿ ಎರಡು ಅಲೆ ತಡೆಗೋಡೆ, ಅಲ್ಲಿಂದ ಆಳ ಸಮುದ್ರದವರೆಗೆ ಹೂಳೆತ್ತಿದ ಕಾಲುವೆ. 1974ರ ಮೇ 4ರಂದು ನವ ಮಂಗಳೂರು ಬಂದರು ದೇಶದ ಒಂಬತ್ತನೆಯ ಬೃಹತ್ ಬಂದರು ಎಂದು ಘೋಷಣೆಯಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು.

ಬೃಹತ್ ಬಂದರು ಕೇಂದ್ರ ಸರ್ಕಾರದ ಅಧೀನ. ಹಳೆ ಬಂದರು ಸಣ್ಣ ಬಂದರುಗಳ ಪಟ್ಟಿಯಲ್ಲಿ, ರಾಜ್ಯ ಸರ್ಕಾರದ ಕೈಯಲ್ಲಿ. ಕರ್ನಾಟಕದ ಏಕೈಕ ಬೃಹತ್ ಬಂದರು ಇದೇ. ಮಳೆಗಾಲದಲ್ಲೂ ತೆರೆದಿರುತ್ತದೆ. ಸುಮಾರು 14 ಮೀಟರ್ ಡ್ರಾಫ್ಟ್ ಇರುವ ಹಡಗು ಒಳಗೆ ಬಂದು ಕಟ್ಟೆಗೆ ತಾಗಿ ನಿಲ್ಲಬಲ್ಲದು. ಲೈಟರ್ ಬೇಕಿಲ್ಲ.

ಕುದುರೆಮುಖದ ಕಬ್ಬಿಣದ ಅದಿರು ಕೊಳವೆಯಲ್ಲಿ ಇಲ್ಲಿಗೆ ಹರಿದು ಬಂತು; 2005ರ ಕೊನೆಗೆ ಗಣಿಗಾರಿಕೆ ನಿಲ್ಲುವವರೆಗೂ ಅದು ಮುಖ್ಯ ಸರಕುಗಳಲ್ಲಿ ಒಂದಾಗಿತ್ತು. 1979ರಲ್ಲಿ ಹಾಸನ-ಮಂಗಳೂರು ರೈಲು ಮಾರ್ಗ ಪೂರ್ಣವಾಯಿತು. ಈಗ ಕಚ್ಚಾ ತೈಲ, ಪೆಟ್ರೋಲಿಯಂ ಉತ್ಪನ್ನ, ಅಡುಗೆ ಅನಿಲ, ಕಲ್ಲಿದ್ದಲು, ಗೊಬ್ಬರ, ಖಾದ್ಯ ತೈಲ, ಕಂಟೇನರ್ ಎಲ್ಲ ಸೇರಿ ವರ್ಷಕ್ಕೆ 4 ಕೋಟಿ ಟನ್ನಿಗೂ ಹೆಚ್ಚು ಸರಕು ಅಲ್ಲಿ ಸಾಗುತ್ತದೆ.

ವ್ಯತ್ಯಾಸ ಎಷ್ಟೆಂದು ತಿಳಿಯಲು ಒಂದು ಸಣ್ಣ ಲೆಕ್ಕ ಮಾಡೋಣ. ರಫ್ತಾಗುವ ಕಾಫಿ ಚೀಲ 60 ಕಿಲೋ. ಒಂದು 20 ಅಡಿ ಕಂಟೇನರ್‌ನಲ್ಲಿ ಸಾಮಾನ್ಯವಾಗಿ 320 ಚೀಲ ಹಿಡಿಯುತ್ತದೆ. ಅಂದರೆ 19,200 ಕಿಲೋ. ದಕ್ಕೆಯಲ್ಲಾದರೆ ಹಮಾಲರು 320 ಸಲ ಹಲಗೆ ದಾಟಬೇಕು, ದಾದಾ ಐದೈದು ಗೆರೆಯ 64 ಗುಂಪು ಬರೆಯಬೇಕು. ಕ್ರೇನ್ ಅದನ್ನು ಒಂದೇ ಸಲಕ್ಕೆ ಎತ್ತುತ್ತದೆ. ಎಣಿಸುವವರೂ ಬೇಡ, ಪೆಟ್ಟಿಗೆಯ ನಂಬರು ಮತ್ತು ಸೀಲು ನೋಡಿದರೆ ಸಾಕು.

ನಾನು ದಾದಾ ಅವರನ್ನು ಕೇಳಿದೆ: "ಹೊಸ ಬಂದರು ನಿಮ್ಮ ಕೆಲಸ ಕಿತ್ತುಕೊಂಡಿತು ಅಂತ ಬರೆಯಲಾ?"

ಅವರು ಬೇಡ ಎಂದರು. "ಎರಡು ಸಲ ಹೊರುವ ಖರ್ಚನ್ನು ಯಾವ ಸೇಠ್ ಎಷ್ಟು ದಿನ ಕೊಡುತ್ತಾನೆ? ಮಳೆಗಾಲದಲ್ಲಿ ಬಾಗಿಲು ಹಾಕುವ ಅಂಗಡಿಗೆ ಗಿರಾಕಿ ಎಷ್ಟು ವರ್ಷ ಬರುತ್ತಾನೆ? ಹಡಗು ದೊಡ್ಡದಾಯಿತು, ನದಿ ದೊಡ್ಡದಾಗಲಿಲ್ಲ. ಅಷ್ಟೇ."

ಯಾವ ಖಾತೆಗೆ ಯಾವ ಖರ್ಚು?

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಹತ್ತಿರದಲ್ಲೇ ದೊಡ್ಡ ಹಡಗುಗಳ ಸಂಚಾರ ಶುರುವಾದರೆ ಒಂದು ಹಳೆ ನದಿ ಬಂದರಿಗೂ ಅದರ ಸುತ್ತಲಿನವರಿಗೂ ಏನಾಗುತ್ತದೆ?

ಜಮಾ ಬದಿಯಿಂದ ಆರಂಭಿಸುತ್ತೇನೆ, ಇಲ್ಲದಿದ್ದರೆ ಲೆಕ್ಕ ಸರಿಯಾಗುವುದಿಲ್ಲ. ರೈತರ ಗೊಬ್ಬರ, ಮನೆಯ ಗ್ಯಾಸ್ ಸಿಲಿಂಡರ್, ಬಸ್ಸಿನ ಡೀಸೆಲ್ ಇವುಗಳಲ್ಲಿ ಹೊಸ ಬಂದರಿನ ಪಾಲಿದೆ. ನನ್ನ ಚಾಚಾ ಕಂಟೇನರ್ ಯಾರ್ಡ್‌ನಲ್ಲಿ ಕೆಲಸ ಮಾಡುತ್ತಾರೆ. ಈ ವರ್ಷದ ನನ್ನ ಫೀಸು ಕಟ್ಟಿದ್ದು ಅವರೇ. ನಮ್ಮ ಒಂದೇ ಮನೆಯಲ್ಲಿ ಹಳೆ ದಕ್ಕೆಯ ನೆನಪೂ ಇದೆ, ಹೊಸ ಬಂದರಿನ ಸಂಬಳವೂ ಇದೆ.

ಈಗ ಖರ್ಚಿನ ಬದಿ.

ಮೊದಲನೆಯದು ಜಾಗ. ಪಣಂಬೂರಿನಲ್ಲಿ ಬಂದರು ಆಗುವ ಮೊದಲು ಅಲ್ಲಿ ಮನೆಗಳಿದ್ದವು, ಗದ್ದೆ-ತೋಟಗಳಿದ್ದವು, ದೋಣಿ ಎಳೆದು ಹಾಕುವ ಕಡಲ ದಂಡೆ ಇತ್ತು. ಅಲ್ಲಿಂದ ಎದ್ದವರಿಗೆ ಕಾಟಿಪಳ್ಳ, ಕೃಷ್ಣಾಪುರದಲ್ಲಿ ನೆಲೆ ಕೊಟ್ಟರು. ನಮ್ಮ ಕಾಲೇಜಿಗೆ ಆ ಕಡೆಯಿಂದ ಬರುವವರಿದ್ದಾರೆ. ಅವರ ಅಜ್ಜ-ಅಜ್ಜಿಯರನ್ನು ಕೇಳಿದರೆ ಊರು ಬಿಟ್ಟ ಕಥೆ ಸಿಗುತ್ತದೆ.

ಎರಡನೆಯದು ಕೆಲಸ. ದಕ್ಕೆಯಲ್ಲಿ ಒಂದು ಹಡಗಿಗೆ ನೂರಾರು ಕೈ ಬೇಕಿತ್ತು. ಓದು ಬರಹ ಬಾರದವರಿಗೂ ಅಲ್ಲಿ ಕೂಲಿ ಸಿಗುತ್ತಿತ್ತು. ಕ್ರೇನ್ ನಡೆಸುವ ಕೆಲಸಕ್ಕೆ ತರಬೇತಿ ಬೇಕು. ಕೆಲಸ ಇಲ್ಲವಾಗಲಿಲ್ಲ, ಆದರೆ ಕೆಲಸ ಕಳೆದುಕೊಂಡವರಿಗೇ ಹೊಸ ಕೆಲಸ ಸಿಗಲಿಲ್ಲ. ಹಮಾಲನ ಕೆಲಸ ಹೋಯಿತು, ಹಮಾಲನ ಮಗನಿಗೆ ಅಥವಾ ಬೇರೆ ಯಾರದೋ ಮಗನಿಗೆ ಸಿಕ್ಕಿತು. ನಡುವಿನ ವರ್ಷಗಳನ್ನು ಹೇಗೆ ಕಳೆದರೆಂದು ಯಾವ ಲೆಕ್ಕದ ಪುಸ್ತಕವೂ ಹೇಳುವುದಿಲ್ಲ.

ಮೂರನೆಯದು ಅಪಘಾತ. 2009ರ ಜುಲೈನಲ್ಲಿ ಕಬ್ಬಿಣದ ಅದಿರು ತುಂಬಿದ್ದ 'ಏಷ್ಯನ್ ಫಾರೆಸ್ಟ್' ಮಂಗಳೂರಿನ ಹೊರಗೆ ಕಡಲಲ್ಲಿ ಮುಳುಗಿತು. 2022ರ ಜೂನ್‌ನಲ್ಲಿ 'ಪ್ರಿನ್ಸೆಸ್ ಮಿರಾಲ್' ಎಂಬ ಹಡಗಿನ ತಳ ಸೋರಿ ಉಳ್ಳಾಲದ ಸಮೀಪ ಕೂತುಬಿಟ್ಟಿತು. ಅದರಲ್ಲಿದ್ದ 15 ಸಿರಿಯನ್ ನಾವಿಕರನ್ನು ಕರಾವಳಿ ಕಾವಲು ಪಡೆ ರಕ್ಷಿಸಿತು. ಇಂಧನ ಸೋರಬಹುದೆಂಬ ಆತಂಕ ಬಹಳ ದಿನ ಇತ್ತು. ಗಮನಿಸಿ: ಆ ಹಡಗು ಚೀನಾದಿಂದ ಲೆಬನಾನ್‌ಗೆ ಉಕ್ಕಿನ ಸುರುಳಿಗಳನ್ನು ಒಯ್ಯುತ್ತಿತ್ತು. ಮಾರಿದವರು ಇಲ್ಲಿಯವರಲ್ಲ, ಕೊಂಡವರು ಇಲ್ಲಿಯವರಲ್ಲ. ಆತಂಕ ಮಾತ್ರ ಉಳ್ಳಾಲದ ಮೀನುಗಾರರದು. ಬಾಹ್ಯತೆಗೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಸಿಗಲಿಲ್ಲ.

2025ರ ಮೇ 25ರಂದು ಕೊಚ್ಚಿಯ ಹೊರಗೆ 'ಎಂಎಸ್‌ಸಿ ಎಲ್ಸಾ 3' ಮುಳುಗಿದಾಗ ಅದರಲ್ಲಿ 640 ಕಂಟೇನರ್‌ಗಳಿದ್ದವು. ಕೆಲವು ಕೇರಳದ ತೀರಕ್ಕೆ ತೇಲಿ ಬಂದವು. ಸಾಸಿವೆ-ಮೆಣಸಿನಷ್ಟು ಸಣ್ಣ ಪ್ಲಾಸ್ಟಿಕ್ ಹರಳುಗಳು ದಂಡೆಯ ಮರಳಿನಲ್ಲಿ ಬೆರೆತವು. ಹಾಯಿ ಹಡಗು ಮುಳುಗಿದರೆ ಮೆಣಸು ಹೋಗುತ್ತಿತ್ತು, ವ್ಯಾಪಾರಿಗೆ ನಷ್ಟವಾಗುತ್ತಿತ್ತು. ಇಂದಿನ ಹಡಗು ಮುಳುಗಿದರೆ ವ್ಯಾಪಾರಿಗೆ ವಿಮೆ ಸಿಗುತ್ತದೆ, ತೀರದವನ ಬಲೆಗೆ ಪ್ಲಾಸ್ಟಿಕ್ ಸಿಗುತ್ತದೆ.

ನನ್ನ ಲೆಕ್ಕದಲ್ಲಿ ತಪ್ಪಿದ ಒಂದು ನಮೂದು

ಇಲ್ಲಿಗೆ ಲೇಖನ ಮುಗಿಯಿತೆಂದುಕೊಂಡು ನಾನು ಕರಡನ್ನು ಉಳ್ಳಾಲದಿಂದ ಬರುವ ನನ್ನ ಸಹಪಾಠಿಗೆ ಓದಲು ಕೊಟ್ಟೆ. ಅವನು ಓದಿ, "ಎಲ್ಲ ಸರಿ. ನಿನ್ನ ದಕ್ಕೆಯ ಲೆಕ್ಕದಲ್ಲಿ ನಮ್ಮ ತೆಂಗಿನ ಮರ ಎಲ್ಲಿದೆ?" ಎಂದು ಕೇಳಿದ.

ಅವನ ಮಾತು ಅರ್ಥವಾಗಲು ಒಂದು ದಿನ ಬೇಕಾಯಿತು. ಅಳಿವೆ ಬಾಗಿಲಲ್ಲಿ ಮರಳಿನ ದಿಬ್ಬ ಏಳುವುದರಿಂದ ಮೀನುಗಾರಿಕಾ ಬೋಟುಗಳು ಮಗುಚುತ್ತಿದ್ದವು, ಜೀವ ಹೋಗುತ್ತಿತ್ತು. ಅದನ್ನು ತಡೆಯಲು 1990ರ ದಶಕದಲ್ಲಿ ಅಳಿವೆಯ ಎರಡೂ ಬದಿಗೆ ಕಲ್ಲಿನ ತಡೆಗೋಡೆ ಹಾಕಿದರು. ಇದು ಹೊಸ ಬಂದರಿಗಾಗಿ ಹಾಕಿದ್ದಲ್ಲ, ನದಿಯೊಳಗಿನ ನಮ್ಮ ಹಳೆ ದಕ್ಕೆಗೆ ಬರುವ ಬೋಟುಗಳಿಗಾಗಿ.

ಆದರೆ ಕಡಲ ಮರಳು ಒಂದೇ ಕಡೆ ನಿಲ್ಲುವುದಿಲ್ಲ. ಅಲೆಗಳ ಜೊತೆ ತೀರದ ಉದ್ದಕ್ಕೂ ಸಾಗುತ್ತಿರುತ್ತದೆ. ಒಂದು ಋತುವಿನಲ್ಲಿ ಕೊಚ್ಚಿ ಹೋದದ್ದು ಇನ್ನೊಂದು ಋತುವಿನಲ್ಲಿ ಮರಳಿ ಬರುತ್ತದೆ. ನಡುವೆ ಗೋಡೆ ಬಂದರೆ ಈ ಕೊಡು-ಕೊಳ್ಳುವಿಕೆ ತಪ್ಪುತ್ತದೆ. ಒಂದು ಬದಿಯಲ್ಲಿ ಮರಳು ಸೇರುತ್ತದೆ, ಇನ್ನೊಂದು ಬದಿ ಸವೆಯುತ್ತದೆ. ಅಳಿವೆಯ ಉತ್ತರಕ್ಕೆ ಬೆಂಗ್ರೆಯಲ್ಲಿ ಮರಳು ಸೇರಿತು. ದಕ್ಷಿಣಕ್ಕೆ ಉಳ್ಳಾಲದಲ್ಲಿ ಕಡಲ್ಕೊರೆತ ಹೆಚ್ಚಿತು. ಕೊನೆಗೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲ ಪಡೆದು ಅಲ್ಲಿ ಕಡಲೊಳಗೆ ಕೃತಕ ದಿಬ್ಬಗಳನ್ನು ಹಾಕಬೇಕಾಯಿತು. ನನ್ನ ಸಹಪಾಠಿಯ ಮನೆಯ ಹಿಂದಿನ ಏಳು ತೆಂಗಿನ ಮರಗಳಲ್ಲಿ ಈಗ ಎರಡು ಉಳಿದಿವೆ.

ದೊಡ್ಡವರು ಸಣ್ಣವರ ಖಾತೆಗೆ ಖರ್ಚು ಬರೆಯುತ್ತಾರೆ ಎಂದು ನಾನು ಬರೆಯುತ್ತಿದ್ದೆ. ನಮ್ಮ ದಕ್ಕೆಯೂ ಇನ್ನೊಬ್ಬರ ಖಾತೆಗೆ ಬರೆದಿದೆ ಎಂದು ಆಗ ಗೊತ್ತಾಯಿತು. ಹಾಗೆಂದು ತಡೆಗೋಡೆ ತಪ್ಪೆಂದು ಹೇಳಲಾರೆ. ಅದರಿಂದ ಮನೆಗೆ ಮರಳಿದ ತಂದೆಯರಿದ್ದಾರೆ. ಒಂದು ಕಡೆಯ ಜೀವ, ಇನ್ನೊಂದು ಕಡೆಯ ನೆಲ. ಎರಡನ್ನೂ ಒಂದೇ ಪುಟದಲ್ಲಿ ಬರೆದರೆ ಮಾತ್ರ ಉಳ್ಳಾಲದವರಿಗೆ ಎಷ್ಟು ಕೊಡಬೇಕಿದೆ ಎಂದು ಕಾಣುತ್ತದೆ.

ಇಂದಿನ ದಕ್ಕೆ

ನಾವು ಹೋದ ದಿನ ದಕ್ಕೆ ಸತ್ತಂತೆ ಕಾಣಲಿಲ್ಲ. ಮೀನುಗಾರಿಕಾ ಬೋಟುಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಬಿಟ್ಟರೆ ವರ್ಷವಿಡೀ ಇಲ್ಲಿ ಐಸು, ಬುಟ್ಟಿ, ಹರಾಜಿನ ಕೂಗು. ಬೆಂಗ್ರೆಗೆ ಹೋಗುವ ದೋಣಿಯಲ್ಲಿ ಶಾಲಾ ಮಕ್ಕಳು ಬ್ಯಾಗು ತೊಡೆಯ ಮೇಲಿಟ್ಟು ಕೂತಿದ್ದರು.

ಇನ್ನೊಂದು ಬದಿಯಲ್ಲಿ ಮರದ ಮಂಜಿಗಳು. ಲಕ್ಷದ್ವೀಪಕ್ಕೆ ಸಿಮೆಂಟು, ಜಲ್ಲಿ, ದಿನಸಿ, ತರಕಾರಿ ಹೋಗುವುದು ಇವುಗಳಲ್ಲಿ. ಸಣ್ಣ ದ್ವೀಪಗಳ ಆಳವಿಲ್ಲದ ನೀರಿಗೆ ಕಂಟೇನರ್ ಹಡಗು ಹೋಗಲಾರದು. ಅಲ್ಲಿಗೆ ಬೇಕಾದದ್ದು ಕಡಿಮೆ ಡ್ರಾಫ್ಟ್‌ನ ಹಡಗೇ. ಯಾವ ಗುಣದಿಂದ ದಕ್ಕೆ ಸೋತಿತೋ ಅದೇ ಗುಣ ಇಲ್ಲಿ ಕೆಲಸಕ್ಕೆ ಬಂದಿದೆ. ಸಾಗರಮಾಲಾ ಯೋಜನೆಯಡಿ ಲಕ್ಷದ್ವೀಪಕ್ಕೆಂದೇ ಪ್ರತ್ಯೇಕ ಜೆಟ್ಟಿಯ ಯೋಜನೆಯೂ ರೂಪುಗೊಂಡಿದೆ.

ಒಂದು ಮಂಜಿಗೆ ಚೀಲ ತುಂಬುತ್ತಿದ್ದರು. ದಾದಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಅವರ ಬೆರಳು ತೊಡೆಯ ಮೇಲೆ ಆಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ "ನಲವತ್ತಮೂರು" ಎಂದರು. ಅಲ್ಲಿದ್ದ ಹುಡುಗನ ಚೀಟಿಯಲ್ಲಿ ನಲವತ್ತೆರಡು ಇತ್ತು. ಇಳಿಸಿ ಎಣಿಸಿದರು. ನಲವತ್ತಮೂರೇ.

ನನ್ನ ತೀರ್ಮಾನ

ಅಳತೆ-ತೂಕದಲ್ಲಿ ಕಡಿಮೆ ಮಾಡಬಾರದೆಂದು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದ ಕಲಿಸುತ್ತಾರೆ. ಒಂದು ಚೀಲ ಬಿಟ್ಟು ಬರೆದರೆ ಅದು ಕಡಿಮೆ ಅಳತೆ. ಒಂದು ಊರಿನ ನಷ್ಟ ಬಿಟ್ಟು ಬರೆದರೆ ಅದೂ ಕಡಿಮೆ ಅಳತೆಯೇ ಎಂದು ನನಗನಿಸುತ್ತದೆ.

ಹಳೆಯ ಕಾಲ ಮರಳಿ ಬರಲಿ ಎಂದು ನಾನು ಕೇಳುವುದಿಲ್ಲ. 320 ಚೀಲ ಬೆನ್ನ ಮೇಲೆ ಹೊರುವುದು ಯಾರಿಗೂ ಸುಖವಲ್ಲ. ದಾದಾರ ಜೊತೆ ಕೆಲಸ ಮಾಡಿದ ಹಮಾಲರು ಹಲವರು ಸೊಂಟ ನೋವಿನಿಂದಲೇ ದಿನ ಕಳೆದರು. ನಾನು ಕೇಳುವುದು ಮೂರು. ಒಂದು, ನದಿ ದಕ್ಕೆಗೆ ಅದರದೇ ಕೆಲಸವಿದೆ ಎಂದು ಒಪ್ಪಿ ಅಳಿವೆಯ ಹೂಳನ್ನು ಕಾಲಕಾಲಕ್ಕೆ ತೆಗೆಯುವುದು. ಎರಡು, ಹಡಗು ಅಪಘಾತವಾದಾಗ ಸರಕಿನ ಬೆಲೆಯ ಜೊತೆಗೆ ಮೀನುಗಾರರು ಕಳೆದುಕೊಂಡ ದಿನಗಳನ್ನೂ ಎಣಿಸುವುದು. ಮೂರು, ಕಡಲಿಗೆ ಯಾವುದೇ ಗೋಡೆ ಹಾಕುವ ಮೊದಲು ಅದರ ಎರಡೂ ಬದಿಯ ಊರಿನವರನ್ನು ಕೂರಿಸಿ ಕೇಳುವುದು.

ಚರ್ಚೆಗೆ ಕೆಲವು ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿ ಈ ವಾರ ಬಳಸಿದ ವಸ್ತುಗಳಲ್ಲಿ ಬಂದರಿನ ಮೂಲಕ ಬಂದವು ಯಾವುವು? ಪಟ್ಟಿ ಮಾಡಿ.

2. 50 ಕಿಲೋ ಸಿಮೆಂಟಿನ 1,200 ಚೀಲ ಮಂಜಿಗೆ ತುಂಬಬೇಕಿದೆ. ಒಟ್ಟು ತೂಕ ಎಷ್ಟು ಟನ್? ಟ್ಯಾಲಿಯಲ್ಲಿ ಐದೈದು ಗೆರೆಯ ಎಷ್ಟು ಗುಂಪು ಆಗುತ್ತದೆ?

3. ಅಳಿವೆ ಬಾಗಿಲಿನ ತಡೆಗೋಡೆಯಿಂದ ಲಾಭ ಯಾರಿಗೆ, ನಷ್ಟ ಯಾರಿಗೆ? ಎರಡು ಕಾಲಂಗಳಲ್ಲಿ ಬರೆಯಿರಿ.

4. ನಿಮ್ಮ ಮನೆಯ ಹಿರಿಯರಲ್ಲಿ ಬಂದರು, ದಕ್ಕೆ, ಹಂಚಿನ ಕಾರ್ಖಾನೆ ಅಥವಾ ಕಾಫಿ ಗೋದಾಮಿನಲ್ಲಿ ಕೆಲಸ ಮಾಡಿದವರಿದ್ದಾರೆಯೇ? ಅವರು ಹೇಳಿದ್ದನ್ನು ಒಂದು ಪುಟ ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಸೇರಿಸೋಣ.